ಬೆಟ್ಟದ ಮೇಲೊಂದು ಕಣ: ಪೂರ್ವ ಕೆಂಟಕಿಯ ಗಣಿ ನೆಲದಲ್ಲಿ ಮರ ಯಾಕೆ ಬೆಳೆಯಲಿಲ್ಲ

ಕಣ ಮಾಡುವುದು ಹೇಗೆ ಅಂತ ಹಳ್ಳಿಯವರಿಗೆ ಹೇಳಬೇಕಿಲ್ಲ. ನೆಲ ಕೆತ್ತಿ, ನೀರು ಚಿಮುಕಿಸಿ, ಕಲ್ಲುಗುಂಡು ಉರುಳಿಸಿ, ಸಗಣಿ ಸಾರಿಸಿ ಗಟ್ಟಿ ಮಾಡುತ್ತಾರೆ. ಕಾಳು ಮಣ್ಣಿನೊಳಗೆ ಇಳಿಯಬಾರದು, ಹುಲ್ಲು ಹುಟ್ಟಬಾರದು. ಕಣದ ನಡುವೆ ಮೇಟಿ ನೆಡುತ್ತಾರೆ, ಮಾವಿನ ಸಸಿ ನೆಡುವುದಿಲ್ಲ.

ಅಮೆರಿಕದ ಕೆಂಟಕಿ ರಾಜ್ಯದ ಪೂರ್ವ ಭಾಗದಲ್ಲಿ ಸುಮಾರು ಇಪ್ಪತ್ತು ವರ್ಷ ಇಂಥ ಕಣಗಳ ಮೇಲೆ ಸಸಿ ನೆಟ್ಟರು. ಕಲ್ಲಿದ್ದಲು ತೆಗೆದ ಬೆಟ್ಟಗಳನ್ನು ಬುಲ್ಡೋಜರ್ ಹಾಯಿಸಿ ಸಮ ಮಾಡಿ, ಮೇಲೆ ಸಸಿ ಇಟ್ಟರು. ಸಸಿ ಸತ್ತವು, ಇಲ್ಲವೇ ಮೊಣಕಾಲೆತ್ತರಕ್ಕೆ ನಿಂತುಬಿಟ್ಟವು. ಇದರಲ್ಲಿ ಯಾರೂ ಕಳ್ಳಾಟ ಆಡಿರಲಿಲ್ಲ. ಕಾನೂನು ಪಾಲಿಸಿದವರ ನೆಲದಲ್ಲೇ ಹೀಗಾಯಿತು. ಅದಕ್ಕೇ ಈ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು ಅನ್ನಿಸಿತು.

ಕಾನೂನು ಬಂದದ್ದು ಯಾಕೆ

ಅಪಲಾಚಿಯನ್ ಬೆಟ್ಟಸಾಲಿನ ಈ ಭಾಗ ಕಡಿದಾದ ಇಳಿಜಾರು, ಕಿರಿದಾದ ಕಣಿವೆಗಳ ನಾಡು. ವರ್ಷಕ್ಕೆ 1,100 ಮಿ.ಮೀ.ಗಿಂತ ಜಾಸ್ತಿ ಮಳೆ. ಓಕ್, ಹಿಕರಿ, ಮೇಪಲ್, ಟ್ಯೂಲಿಪ್ ಪೋಪ್ಲರ್ ಮರಗಳ ದಟ್ಟ ಕಾಡು. ಕಾಡಿನ ಕೆಳಗೆ ಮರಳುಗಲ್ಲು, ಜೇಡಿಪದರದ ಶೇಲ್ ಕಲ್ಲು, ನಡುನಡುವೆ ಕಲ್ಲಿದ್ದಲಿನ ಪದರ.

1977ಕ್ಕೆ ಮೊದಲು ಕಲ್ಲಿದ್ದಲಿನ ಮೇಲಿದ್ದ ಕಲ್ಲುಮಣ್ಣನ್ನು ಸಿಡಿಸಿ ಇಳಿಜಾರಿನಲ್ಲಿ ಕೆಳಕ್ಕೆ ನೂಕಿಬಿಡುತ್ತಿದ್ದರು. ಮಳೆ ಬಂದರೆ ಅದು ಜಾರಿ ತೊರೆಗೆ ಬೀಳುತ್ತಿತ್ತು, ಕೆಲವು ಸಲ ಮನೆಗಳ ಮೇಲೂ. 1972ರ ಫೆಬ್ರವರಿ 26ರಂದು ಪಕ್ಕದ ವೆಸ್ಟ್ ವರ್ಜೀನಿಯಾದ ಬಫಲೋ ಕ್ರೀಕ್‌ನಲ್ಲಿ ಕಲ್ಲಿದ್ದಲು ಕೊಳಚೆಯ ಒಡ್ಡು ಒಡೆದು 125 ಜನ ಸತ್ತರು. ಅದು ಬೇರೆ ಥರದ ಅವಘಡ. ಆದರೂ ಗಣಿಯವರು ಬಗೆದು ಬಿಟ್ಟುಹೋಗುವ ಕಸದ ಬಗ್ಗೆ ಜನರ ಸಿಟ್ಟು ಇನ್ನೂ ಏರಿತು. 1977ರ ಆಗಸ್ಟ್ 3ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಮೇಲ್ಮೈ ಗಣಿಗಾರಿಕೆ ನಿಯಂತ್ರಣ ಮತ್ತು ಪುನಶ್ಚೇತನ ಕಾಯ್ದೆಗೆ ಸಹಿ ಹಾಕಿದರು.

ಕಾಯ್ದೆ ಕೇಳಿದ್ದು ಸರಳ. ಬೆಟ್ಟವನ್ನು ಹೆಚ್ಚುಕಮ್ಮಿ ಹಳೆಯ ಆಕಾರಕ್ಕೆ ತನ್ನಿ. ಮೇಲ್ಮಣ್ಣನ್ನು ಮೊದಲೇ ಬೇರೆ ತೆಗೆದಿಟ್ಟು ಮತ್ತೆ ಹಾಸಿ. ಹಸಿರು ಬೆಳೆಸಿ. ಮಳೆ ಚೆನ್ನಾಗಿ ಬೀಳುವ ಪೂರ್ವ ರಾಜ್ಯಗಳಲ್ಲಿ ಆ ಹಸಿರು ಐದು ವರ್ಷ ನಿಲ್ಲಬೇಕು. ಅಲ್ಲಿಯವರೆಗೆ ಕಂಪನಿ ಇಟ್ಟ ಠೇವಣಿ ಪೂರ್ತಿ ವಾಪಸ್ ಸಿಗುವುದಿಲ್ಲ.

ಇದರಲ್ಲೊಂದು ಸಡಿಲಿಕೆ ಇತ್ತು. ಕಡಿದಾದ ಬೆಟ್ಟದಲ್ಲಿ ಮೇಲ್ಮಣ್ಣು ತೆಳು, ಕೆರೆದು ಕೂಡಿಡುವುದು ಕಷ್ಟ. ಹಾಗಾಗಿ ಬಗೆದ ಕಲ್ಲುಮಣ್ಣೇ ಗಿಡ ಬೆಳೆಸಲು ಅಷ್ಟೇ ಯೋಗ್ಯ ಅಥವಾ ಇನ್ನೂ ಚೆನ್ನ ಅಂತ ತೋರಿಸಿದರೆ ಅದನ್ನೇ ಮೇಲ್ಮಣ್ಣಿನ ಬದಲಿಗೆ ಹಾಕಬಹುದಿತ್ತು. ಯೋಗ್ಯ ಅಂದರೆ ಯಾವುದಕ್ಕೆ? ಹುಲ್ಲಿಗೋ, ಮರಕ್ಕೋ? ಮುಂದಿನ ಗೊಂದಲವೆಲ್ಲ ಈ ಒಂದು ಪ್ರಶ್ನೆಯ ಸುತ್ತ ಹುಟ್ಟಿತು.

ನುಣ್ಣಗಿನ ಬೆಟ್ಟ

ಮಣ್ಣು ಜಾರುವ ಭಯ ಎಲ್ಲರಲ್ಲೂ ಇತ್ತು. ಒತ್ತಿ ಗಟ್ಟಿ ಮಾಡಿದರೆ ಜಾರುವುದಿಲ್ಲ ಅನ್ನುವುದು ಸಹಜ ಯೋಚನೆ. ನೂರಾರು ಟನ್ ತೂಕದ ಟ್ರಕ್‌ಗಳು ಓಡಾಡಿದ ಮೇಲೆ ಬುಲ್ಡೋಜರ್‌ಗಳು ಹಿಂದೆ ಮುಂದೆ ಹೋಗಿ ಮೈಯನ್ನು ನುಣ್ಣಗೆ ಮಾಡುತ್ತಿದ್ದವು. ನಂತರ ಬೇಗ ಹರಡುವ ಟಾಲ್ ಫೆಸ್ಕ್ಯೂ ಹುಲ್ಲು, ಲೆಸ್ಪಡೀಜಾ ಎಂಬ ದ್ವಿದಳ ಗಿಡ ಬಿತ್ತಿ ಗೊಬ್ಬರ ಎರಚುತ್ತಿದ್ದರು. ಕೆಲವೇ ತಿಂಗಳಲ್ಲಿ ಹಸಿರು. ತಪಾಸಣೆಗೆ ಬಂದವರಿಗೂ ಖುಷಿ, ಕಂಪನಿಗೂ ಖುಷಿ, ಡ್ರೈವರ್‌ಗೂ ತನ್ನ ಕೈಚಳಕದ ಬಗ್ಗೆ ಹೆಮ್ಮೆ. ಫೋಟೊದಲ್ಲಿ ನೋಡಿದರೆ ಗಾಲ್ಫ್ ಮೈದಾನದ ಹಾಗೆ.

ಆದರೆ ಕಾಡು ವಾಪಸ್ ಬರಲಿಲ್ಲ. ಹತ್ತು ವರ್ಷ, ಹದಿನೈದು ವರ್ಷ ಕಳೆದರೂ ಹುಲ್ಲು ಹುಲ್ಲಾಗಿಯೇ ಉಳಿಯಿತು. ನಡುವೆ ಹೊರಗಿನಿಂದ ಬಂದ ಆಟಮ್ ಆಲಿವ್ ಪೊದೆಗಳು ಹಬ್ಬಿದವು. ಅಪಲಾಚಿಯಾದಲ್ಲಿ ಈ ಕಾಯ್ದೆಯಡಿ ಗಣಿಗಾರಿಕೆ ಕಂಡ ನೆಲ ಸುಮಾರು 6 ಲಕ್ಷ ಹೆಕ್ಟೇರ್. ಅದರಲ್ಲಿ ಬಹುಪಾಲು ಮೊದಲು ಕಾಡಾಗಿತ್ತು.

ಸೋಜಿಗದ ವಿಷಯ ಇನ್ನೊಂದಿದೆ. ಕಾನೂನು ಬರುವ ಮೊದಲಿನ ಹಳೆಯ ಗಣಿ ದಿಬ್ಬಗಳಲ್ಲಿ, ಯಾರೂ ಸಮ ಮಾಡದೆ ಬಿಟ್ಟ ಗುಡ್ಡೆಗಳಲ್ಲಿ, ದಶಕಗಳ ಹಿಂದೆ ನೆಟ್ಟ ಮರಗಳು ಹಲವು ಕಡೆ ಸೊಂಪಾಗಿ ಬೆಳೆದಿದ್ದವು. ಅಳೆದು ನೋಡಿದಾಗ ಪಕ್ಕದ ಸಹಜ ಕಾಡಿನ ಮರಗಳಿಗೆ ಕಡಿಮೆಯಿರಲಿಲ್ಲ. ಬೇಜವಾಬ್ದಾರಿ ಕಾಲದ ಗಣಿಯಲ್ಲಿ ಮರ, ಶಿಸ್ತಿನ ಕಾಲದ ಗಣಿಯಲ್ಲಿ ಬರೀ ಹುಲ್ಲು! ಆ ಹಳೆಯ ಪದ್ಧತಿಯೇ ಚೆನ್ನಾಗಿತ್ತು ಅಂತ ಯಾರೂ ಹೇಳಲಾರರು. ಅದು ತೊರೆಗಳನ್ನು ಕೊಂದಿತ್ತು. ಆದರೆ ಮರದ ಬೇರಿಗೆ ಬೇಕಾದ ಏನೋ ಒಂದು ಅಲ್ಲಿತ್ತು, ಇಲ್ಲಿ ಕಳೆದುಹೋಗಿತ್ತು.

ಸ್ಟಾರ್‌ಫೈರ್ ಗಣಿಯ ತಾಕುಗಳು

ಪೂರ್ವ ಕೆಂಟಕಿಯ ಪೆರ್ರಿ ಮತ್ತು ನಾಟ್ ಕೌಂಟಿಗಳ (ನಮ್ಮ ಜಿಲ್ಲೆ ಇದ್ದ ಹಾಗೆ) ಗಡಿಯಲ್ಲಿ ಸ್ಟಾರ್‌ಫೈರ್ ಎಂಬ ದೊಡ್ಡ ಗಣಿ ಇತ್ತು. 1996–97ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದವರು ಅಲ್ಲಿ ಪ್ರಯೋಗದ ತಾಕುಗಳನ್ನು ಮಾಡಿದರು. ಕಲ್ಲುಮಣ್ಣು ಅದೇ, ಮಳೆ ಅದೇ, ಸಸಿಗಳೂ ಅವೇ. ಬದಲಾದದ್ದು ಬುಲ್ಡೋಜರ್ ಎಷ್ಟು ಸಲ ಹಾಯಿತು ಅನ್ನುವುದು ಮಾತ್ರ.

ಒಂದು ಬಗೆಯ ತಾಕಿನಲ್ಲಿ ವಾಡಿಕೆಯಂತೆ ಒತ್ತಿ ನುಣ್ಣಗೆ ಮಾಡಿದರು. ಇನ್ನೊಂದರಲ್ಲಿ ಟ್ರಕ್ ಸುರಿದ ಗುಡ್ಡೆಗಳ ನೆತ್ತಿಯನ್ನು ಒಂದೆರಡು ಸಲ ಸವರಿ ಬಿಟ್ಟರು. ಮೂರನೆಯದರಲ್ಲಿ ಸುರಿದದ್ದನ್ನು ಸುರಿದ ಹಾಗೇ ಬಿಟ್ಟರು, ಒಂದರ ಪಕ್ಕ ಒಂದು ಗುಡ್ಡೆ. ಬಿಳಿ ಓಕ್, ಕೆಂಪು ಓಕ್, ಬಿಳಿ ಆಶ್, ಕಪ್ಪು ವಾಲ್‌ನಟ್, ಟ್ಯೂಲಿಪ್ ಪೋಪ್ಲರ್, ಬಿಳಿ ಪೈನ್ ಸಸಿಗಳನ್ನು ನೆಟ್ಟರು.

ಸಡಿಲ ತಾಕುಗಳು ಗಟ್ಟಿ ತಾಕುಗಳನ್ನು ಹಿಂದೆ ಹಾಕಿದವು. ಬದುಕಿದ ಸಸಿಗಳು ಜಾಸ್ತಿ, ಎತ್ತರ ಜಾಸ್ತಿ, ವರ್ಷ ಕಳೆದಂತೆ ಅಂತರವೂ ಜಾಸ್ತಿ. ಗಟ್ಟಿ ನೆಲದಲ್ಲೂ ಒಂದಷ್ಟು ಸಸಿ ಬದುಕಿದವು ನಿಜ. ಆದರೆ ಬದುಕುವುದು ಬೇರೆ, ಬೆಳೆಯುವುದು ಬೇರೆ. ನಮ್ಮಲ್ಲಿ ವನಮಹೋತ್ಸವದ ಲೆಕ್ಕದಲ್ಲಿ "ಇಷ್ಟು ಸಸಿ ಉಳಿದಿವೆ" ಅಂತ ಬರೆಯುತ್ತಾರಲ್ಲ, ಅದರ ಜೊತೆ "ಎಷ್ಟೆತ್ತರ" ಅನ್ನುವ ಒಂದು ಕಾಲಂ ಇದ್ದರೆ ಒಳ್ಳೆಯದಿತ್ತು.

ಗಟ್ಟಿತನವನ್ನು ಅಳೆಯುವುದು ಮಣ್ಣಿನ ಸಾಂದ್ರತೆಯಿಂದ. ಕಾಡಿನ ಮೇಲ್ಮಣ್ಣು ಒಂದು ಘನ ಸೆಂಟಿಮೀಟರಿಗೆ ಸುಮಾರು 1ರಿಂದ 1.3 ಗ್ರಾಂ ತೂಗುತ್ತದೆ. 1.6 ದಾಟಿತು ಅಂದರೆ ಬಹಳಷ್ಟು ಮಣ್ಣುಗಳಲ್ಲಿ ಬೇರು ತಿಣುಕುತ್ತದೆ. ಒತ್ತಿದ ಗಣಿ ನೆಲ ಸುಲಭವಾಗಿ ಈ ಗಡಿ ದಾಟುತ್ತದೆ. ಅಲ್ಲಿ ಗಾಳಿಗೆ ಜಾಗವಿಲ್ಲ, ನೀರು ಇಂಗುವುದಿಲ್ಲ. ಮಳೆಗಾಲದಲ್ಲಿ ಕೆಸರು, ಬಿಸಿಲಿಗೆ ಸಿಮೆಂಟು. ಮಳೆ ನೀರು ಇಂಗದೆ ಮೇಲೆಯೇ ಓಡುತ್ತದೆ. ಕೊರೆತ ತಪ್ಪಿಸಲು ಒತ್ತಿದ ನೆಲವೇ ನೀರನ್ನು ಜೋರಾಗಿ ಕೆಳಕ್ಕೆ ಕಳಿಸುತ್ತಿತ್ತು. ಉಬ್ಬುತಗ್ಗಿನ ಸಡಿಲ ನೆಲದಲ್ಲಿ ನೀರು ಗುಂಡಿಗಳಲ್ಲಿ ನಿಂತು ಒಳಗಿಳಿಯುತ್ತದೆ. ಟ್ರ್ಯಾಕ್ಟರ್ ಓಡಾಡಿದ ಬದುವಿನ ಪಕ್ಕದ ಸಾಲಿನಲ್ಲಿ ಜೋಳ ಯಾಕೆ ಗಿಡ್ಡ ಅಂತ ಯಾವ ರೈತನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ.

ನಾಲ್ಕು ಅಡಿ ಯಾಕೆ

ಇಲ್ಲಿಂದ ಆಳದ ಮಾತು. ಕಾಗದದಲ್ಲಿ ನೋಡಿದರೆ ಈ ಬೆಟ್ಟಗಳಲ್ಲಿ ಆಳಕ್ಕೇನೂ ಕೊರತೆಯಿರಲಿಲ್ಲ. ಹತ್ತಾರು ಮೀಟರ್ ತುಂಬಿದ ಕಲ್ಲುಮಣ್ಣು! ಆದರೆ ಬೇರಿಗೆ ಸಿಗುತ್ತಿದ್ದದ್ದು ಮೇಲಿನ ಒಂದು ಗೇಣು ಅಷ್ಟೇ.

ಒಂದು ಲೆಕ್ಕ ಹಾಕಿ ನೋಡೋಣ. ಗಣಿ ನೆಲದಲ್ಲಿ ಅರ್ಧ ಕಲ್ಲು, ಅರ್ಧ ಮಣ್ಣು ಅಂದುಕೊಳ್ಳಿ. ಆ ಮಣ್ಣು ತನ್ನ ಗಾತ್ರದ ಶೇ. 15ರಷ್ಟು ನೀರನ್ನು ಗಿಡಕ್ಕೆ ಸಿಗುವ ಹಾಗೆ ಹಿಡಿದಿಡುತ್ತದೆ ಅಂತಿಟ್ಟುಕೊಳ್ಳಿ. ಬೇರು 20 ಸೆಂ.ಮೀ. ಇಳಿದರೆ ಅದಕ್ಕೆ ಸಿಗುವುದು 15 ಮಿ.ಮೀ. ನೀರು. ಬೇಸಿಗೆಯಲ್ಲಿ ಎಲೆ ತುಂಬಿದ ಮರಗಳ ನೆಲ ದಿನಕ್ಕೆ 4–5 ಮಿ.ಮೀ. ನೀರು ಕಳೆದುಕೊಳ್ಳುತ್ತದೆ. ಅಂದರೆ ಮಳೆ ನಿಂತು ನಾಲ್ಕನೇ ದಿನಕ್ಕೆ ಬಾಯಾರಿಕೆ. ಬೇರು 120 ಸೆಂ.ಮೀ. ಇಳಿದರೆ 90 ಮಿ.ಮೀ. ನೀರು, ಸುಮಾರು ಮೂರು ವಾರದ ಬುತ್ತಿ. ಹುಲ್ಲು ನಾಲ್ಕು ದಿನಕ್ಕೆ ಒಣಗಿ ಮಳೆ ಬಂದರೆ ಮತ್ತೆ ಚಿಗುರುತ್ತದೆ. ಎಳೆ ಓಕ್ ಮರಕ್ಕೆ ಆ ಸೌಕರ್ಯ ಇಲ್ಲ.

120 ಸೆಂ.ಮೀ. ಅಂದರೆ ನಾಲ್ಕು ಅಡಿ. ಕೆಂಟಕಿ, ವರ್ಜೀನಿಯಾ ಟೆಕ್ ಮುಂತಾದ ವಿಶ್ವವಿದ್ಯಾಲಯಗಳ ಸಂಶೋಧಕರು ಮುಂದೆ ರೂಪಿಸಿದ 'ಫಾರೆಸ್ಟ್ರಿ ರಿಕ್ಲಮೇಶನ್ ಅಪ್ರೋಚ್' ಎಂಬ ಐದು ಹೆಜ್ಜೆಯ ವಿಧಾನದಲ್ಲಿ ಮೊದಲ ಹೆಜ್ಜೆಯೇ ಇದು: ಬೇರೂರಲು ಕನಿಷ್ಠ ನಾಲ್ಕು ಅಡಿ ಒಳ್ಳೆಯ ಮಣ್ಣು ಅಥವಾ ಕಲ್ಲುಮಣ್ಣು. ಎರಡನೆಯದು, ಅದನ್ನು ಒತ್ತದೆ ಸಡಿಲವಾಗಿ ಹರಡುವುದು. ಉಳಿದ ಮೂರು: ಮರದ ಜೊತೆ ಜಗಳವಾಡದ ಹುಲ್ಲು ಬಿತ್ತುವುದು, ಬೇಗ ನೆಲ ಹಿಡಿಯುವ ಜಾತಿ ಮತ್ತು ಬೆಲೆಬಾಳುವ ದಿಮ್ಮಿ ಮರ ಎರಡನ್ನೂ ಬೆರೆಸಿ ನೆಡುವುದು, ಸಸಿಯನ್ನು ಸರಿಯಾಗಿ ನೆಡುವುದು.

"ಅಲ್ಲಿನ ಸಹಜ ಕಾಡಿನಲ್ಲೂ ನಾಲ್ಕು ಅಡಿ ಮಣ್ಣು ಎಲ್ಲಿದೆ?" ಅಂತ ಯಾರಾದರೂ ಕೇಳಬಹುದು. ಒಪ್ಪಬೇಕಾದ ಮಾತು. ಕಡಿದಾದ ಇಳಿಜಾರಿನಲ್ಲಿ ಮಣ್ಣು ಬಹಳ ಕಡೆ ಅಷ್ಟಿರುವುದಿಲ್ಲ. ಆದರೆ ಅದರ ಕೆಳಗಿನ ಕಲ್ಲು ಸಾವಿರಾರು ವರ್ಷಗಳಿಂದ ಶಿಥಿಲವಾಗಿ ಬಿರುಕು ಬಿಟ್ಟಿದೆ. ಬೇರು ಆ ಬಿರುಕಿನಲ್ಲಿ ತೂರಿಕೊಂಡು ನೀರು ಹುಡುಕುತ್ತದೆ. ಬುಲ್ಡೋಜರ್ ಒತ್ತಿದ ಪುಡಿಯಲ್ಲಿ ಬಿರುಕು ಇಲ್ಲ. ನಾಲ್ಕು ಅಡಿ ಅನ್ನುವುದನ್ನು ಬೇರು ಓಡಾಡಲು ಆಗುವ ನಾಲ್ಕು ಅಡಿ ಅಂತ ಓದಬೇಕು.

ಇನ್ನು ಜಾರುವ ಭಯದ ವಿಷಯ. ಇಡೀ ತುಂಬುವಿಕೆಯನ್ನು ಸಡಿಲ ಬಿಡಿ ಅಂತ ಯಾರೂ ಹೇಳಿಲ್ಲ. ಒಳಗಿನ ಒಡಲನ್ನು ಒತ್ತಿ ಭದ್ರ ಮಾಡಿ, ಮೇಲಿನ ನಾಲ್ಕು ಅಡಿಯನ್ನು ಮಾತ್ರ ಸುರಿದು, ಒಂದೆರಡು ಸಲ ಸವರಿ ಕೈಬಿಡಿ ಅನ್ನುತ್ತಾರೆ. ಕೈಬಿಡುವುದೇ ಡ್ರೈವರ್‌ಗಳಿಗೆ ಕಷ್ಟವಾಯಿತಂತೆ. ವರ್ಷಗಟ್ಟಲೆ ನುಣ್ಣಗೆ ಮಾಡಿ ಶಹಬ್ಬಾಸ್ ಅನ್ನಿಸಿಕೊಂಡ ಕೈ ಅಲ್ವಾ.

ಕಂದು ಕಲ್ಲು, ಬೂದು ಕಲ್ಲು

ಸಡಿಲ ಬಿಟ್ಟರೆ ಸಾಕೇ? ಪೈಕ್ ಕೌಂಟಿಯ ಬೆಂಟ್ ಮೌಂಟನ್ ಎಂಬಲ್ಲಿ 2005ರಲ್ಲಿ ಶುರುವಾದ ಪ್ರಯೋಗ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಇಲ್ಲಿ ಎಲ್ಲ ತಾಕುಗಳೂ ಸಡಿಲವೇ. ಕಲ್ಲು ಮಾತ್ರ ಬೇರೆ ಬೇರೆ: ಒಂದರಲ್ಲಿ ಕಂದು ಮರಳುಗಲ್ಲು, ಒಂದರಲ್ಲಿ ಬೂದು ಮರಳುಗಲ್ಲು, ಇನ್ನೊಂದರಲ್ಲಿ ಎರಡರ ಜೊತೆ ಶೇಲ್ ಬೆರಕೆ.

ಎರಡೂ ಮರಳುಗಲ್ಲೇ. ಬಣ್ಣದ ವ್ಯತ್ಯಾಸಕ್ಕೆ ಕಾರಣ ಆಳ. ಬೆಟ್ಟದ ಮೈಗೆ ಹತ್ತಿರವಿರುವ ಕಲ್ಲು ಗಾಳಿ, ನೀರಿಗೆ ಸಿಕ್ಕಿ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಂದಾಗಿರುತ್ತದೆ. ಕರಗುವ ಲವಣ, ಸುಣ್ಣದ ಅಂಶ ಎಲ್ಲ ಎಂದೋ ತೊಳೆದುಹೋಗಿರುತ್ತವೆ. ಆಳದ ಬೂದು ಕಲ್ಲು ಈಗಷ್ಟೇ ಬೆಳಕು ಕಂಡದ್ದು. ಅದನ್ನು ಪುಡಿ ಮಾಡಿ ಹರಡಿದರೆ ಲವಣ ಬಿಡುತ್ತಾ ಹೋಗುತ್ತದೆ. ಅದರ ರಸಸಾರ, ಅಂದರೆ ಪಿಎಚ್, 8ರ ಆಸುಪಾಸಿಗೆ ಏರಿ ಕೂರುತ್ತದೆ. ಈ ಕಾಡಿನ ಮರಗಳು ಹುಳಿ ಮಣ್ಣಿಗೆ ಒಗ್ಗಿದವು. ಓಕ್‌ಗೆ ರಸಸಾರ 5ರಿಂದ 6ರೊಳಗಿದ್ದರೆ ಹಿತ. ಕಂದು ಕಲ್ಲು ಅದಕ್ಕೆ ಹತ್ತಿರ. ಮೇಲಾಗಿ ಅದು ಬೇಗ ಪುಡಿಯಾಗಿ ನೀರು ಹಿಡಿಯುವ ಸಣ್ಣ ಮಣ್ಣನ್ನು ಜಾಸ್ತಿ ಕೊಡುತ್ತದೆ.

ಎಂಟು ವರ್ಷದ ನಂತರ ಕಂದು ತಾಕಿನ ಮರಗಳ ಗಾತ್ರ ಬೂದು ತಾಕಿನದಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಇತ್ತು. ಅದಕ್ಕಿಂತ ನನ್ನ ಗಮನ ಸೆಳೆದದ್ದು ಬೇರೆ. ಕಂದು ತಾಕಿನಲ್ಲಿ ಯಾರೂ ಬಿತ್ತದ ಗಿಡಗಳು ತಾವಾಗಿಯೇ ಬಂದು ನೆಲ ಮುಚ್ಚಿದವು. ಬೂದು ತಾಕು ಹೆಚ್ಚುಕಮ್ಮಿ ಬೋಳಾಗಿಯೇ ಉಳಿಯಿತು. ಪಕ್ಕದ ಕಾಡಿನ ಗಾಳಿ, ಹಕ್ಕಿ ಎರಡೂ ತಾಕಿಗೆ ಬೀಜ ತಂದಿದ್ದವು. ಹಿಡಿದುಕೊಂಡದ್ದು ಒಂದೇ.

ವ್ಯಾವಹಾರಿಕವಾಗಿ ಇದರ ಅರ್ಥ ಇಷ್ಟು: ಬೆಟ್ಟ ಅಗೆಯುವಾಗ ಮೊದಲು ಸಿಗುವುದೇ ಕಂದು ಕಲ್ಲು. ಅದನ್ನು ಬೇರೆ ಇಡದೆ ಮೊದಲು ತುಂಬುವ ಗುಂಡಿಗೆ ಹಾಕಿದರೆ ಅದು ಅಡಿಗೆ ಹೋಗುತ್ತದೆ, ಬೂದು ಕಲ್ಲು ಮೇಲೆ ಬರುತ್ತದೆ. ಮಣ್ಣಿನ ಗುಣ ಗಣಿ ಮುಚ್ಚುವಾಗ ಅಲ್ಲ, ತೆರೆಯುವಾಗಲೇ ತೀರ್ಮಾನವಾಗಿಬಿಡುತ್ತದೆ. ಕಾಡಿನ ಮೇಲ್ಮಣ್ಣು ಸಿಕ್ಕರಂತೂ ಅದಕ್ಕೆ ಸಮ ಯಾವುದೂ ಇಲ್ಲ. ಅದರಲ್ಲಿ ಬೀಜ, ಬೇರಿನ ತುಂಡು, ಬೇರಿನ ಜೊತೆ ಬಾಳುವ ಶಿಲೀಂಧ್ರ, ಸಾರಜನಕ ಎಲ್ಲ ಇರುತ್ತವೆ. ಗುಡ್ಡೆ ಹಾಕಿ ವರ್ಷಗಟ್ಟಲೆ ಇಟ್ಟರೆ ಅದೂ ಸಾಯುತ್ತದೆ. ತೆಗೆದ ಕೂಡಲೇ ಇನ್ನೊಂದು ಕಡೆ ಹಾಸಬೇಕು, ಬುಡ ಬೇರು ಸಮೇತ.

ಹುಲ್ಲಿನ ಕಾಟ, ಜನರ ಪಟ್ಟು

ಹುಲ್ಲಿನ ಬಗ್ಗೆ ಚುಟುಕಾಗಿ ಹೇಳಿ ಮುಗಿಸುತ್ತೇನೆ. ದಟ್ಟವಾದ ಫೆಸ್ಕ್ಯೂ ಸಸಿಯ ನೀರು, ಬೆಳಕು ಎರಡನ್ನೂ ಕಸಿಯುತ್ತದೆ. ಅದರ ಅಡಿ ಇಲಿಗಳು ಮನೆ ಮಾಡಿ ಸಸಿಯ ಬುಡದ ತೊಗಟೆ ಕಡಿಯುತ್ತವೆ. ಜಿಂಕೆಗಳ ಕಾಟ ಬೇರೆ. 1997ರಲ್ಲಿ ಕೆಂಟಕಿಯವರು ಇದೇ ಗಣಿ ಹುಲ್ಲುಗಾವಲುಗಳಿಗೆ ಎಲ್ಕ್ ಎಂಬ ದೊಡ್ಡ ಕಡವೆಗಳನ್ನು ಬೇರೆ ರಾಜ್ಯಗಳಿಂದ ತಂದು ಬಿಟ್ಟರು. ಅವು ಚೆನ್ನಾಗಿ ಹೆಚ್ಚಿದವು. ನೋಡಲು ಪ್ರವಾಸಿಗರೂ ಬರುತ್ತಾರೆ. ಹಾಗಾಗಿ ಈ ಹುಲ್ಲು ನೆಲವೆಲ್ಲ ವ್ಯರ್ಥ ಅನ್ನಲಾಗದು. ಸಸಿ ನೆಡುವವರಿಗೆ ಮಾತ್ರ ಎಲ್ಕ್ ಇನ್ನೊಂದು ತಲೆನೋವು.

ಬದಲಾವಣೆಗೆ ಅಡ್ಡ ಬಂದದ್ದು ಕಾಯ್ದೆಯ ಅಕ್ಷರಕ್ಕಿಂತ ಅದನ್ನು ಓದುವ ಅಭ್ಯಾಸ. ಒತ್ತಬೇಕು, ನುಣ್ಣಗೆ ಮಾಡಬೇಕು ಅಂತ ಮೇಲಿನ ಪದರಕ್ಕೆ ಅದು ಹೇಳಿರಲಿಲ್ಲ. ಆದರೆ ಉಬ್ಬುತಗ್ಗು ನೆಲ ಬಿಟ್ಟರೆ ತಪಾಸಣೆಯವರು ನೋಟಿಸ್ ಕೊಡಬಹುದು ಅನ್ನುವ ಅಂಜಿಕೆ ಕಂಪನಿಗಳಿಗಿತ್ತು. ಕಾನೂನು ಬಂದ ಹೊಸತರಲ್ಲಿ ಫೆಡರಲ್ ತಪಾಸಣಾಧಿಕಾರಿಯಾಗಿದ್ದ ಪ್ಯಾಟ್ರಿಕ್ ಏಂಜಲ್ ಹೀಗೆ ಒತ್ತಿಸಿದವರಲ್ಲಿ ಒಬ್ಬರು. ನಂತರ ಅದು ತಪ್ಪಾಗಿತ್ತು ಅಂತ ಬಹಿರಂಗವಾಗಿ ಒಪ್ಪಿಕೊಂಡು, ಬೆಂಟ್ ಮೌಂಟನ್ ಪ್ರಯೋಗದಲ್ಲಿ ತಾವೇ ತೊಡಗಿಕೊಂಡರು. ಸರ್ಕಾರಿ ಅಧಿಕಾರಿಯೊಬ್ಬರು ತಮ್ಮದೇ ಹಳೆಯ ಸಹಿಗಳ ವಿರುದ್ಧ ಕೆಲಸ ಮಾಡುವುದು ದಿನಾ ಕಾಣುವ ದೃಶ್ಯವಲ್ಲ. 2004ರಲ್ಲಿ ಫೆಡರಲ್ ಗಣಿ ಕಚೇರಿ ಮತ್ತು ಅಪಲಾಚಿಯಾದ ರಾಜ್ಯಗಳು ಸೇರಿ ಸಡಿಲ ನೆಲಕ್ಕೆ ಅಧಿಕೃತ ಬೆಂಬಲ ಕೊಡುವ ಒಂದು ವೇದಿಕೆ ಮಾಡಿಕೊಂಡವು. ಕಂಪನಿಗಳೂ ನಿಧಾನಕ್ಕೆ ಒಪ್ಪಿದವು. ಬುಲ್ಡೋಜರ್ ಕಡಿಮೆ ಓಡಿದರೆ ಡೀಸೆಲ್ ಉಳಿಯುತ್ತದೆ ಅನ್ನುವುದೂ ಅದಕ್ಕೊಂದು ಕಾರಣ.

ಓದುತ್ತಾ ನನಗೆ ಸಂಡೂರು ನೆನಪಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿ, ನಂತರ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯ ಮಾಡಿತು. ಡಂಪ್‌ಗಳನ್ನು, ಅಂದರೆ ಗಣಿ ಕಸದ ಗುಡ್ಡೆಗಳನ್ನು, ಮೆಟ್ಟಿಲು ಮಾಡಿ, ಬುಡಕ್ಕೆ ಗೋಡೆ ಕಟ್ಟಿ, ತೆಂಗಿನ ನಾರಿನ ಚಾಪೆ ಹೊದಿಸಿ ಗಿಡ ನೆಡುವ ಕೆಲಸ ಶುರುವಾಯಿತು. ಕೆಂಟಕಿಯ ಪಾಠವನ್ನು ಅಲ್ಲಿಗೆ ಹಾಗೇ ಎತ್ತಿಕೊಂಡು ಹೋಗಲು ಆಗುವುದಿಲ್ಲ. ಕೆಂಟಕಿಯಲ್ಲಿ ಮಳೆ ವರ್ಷವಿಡೀ ಹಂಚಿ ಬೀಳುತ್ತದೆ, ಸಂಡೂರಿನಲ್ಲಿ ಕೆಲವೇ ತಿಂಗಳಲ್ಲಿ ಸುರಿದು ಉಳಿದ ಕಾಲ ಒಣಗು. ಕಬ್ಬಿಣ ತುಂಬಿದ ಕೆಂಪು ಮಣ್ಣು ರಂಜಕವನ್ನು ಗಿಡಕ್ಕೆ ಕೊಡದೆ ಬಿಗಿಹಿಡಿಯುತ್ತದೆ. ಆದರೆ ಒಂದು ಪ್ರಶ್ನೆ ಸಂಡೂರಿಗೂ ಸಲ್ಲುತ್ತದೆ: ಸಸಿಗೆ ತೋಡಿದ ಗುಂಡಿಯ ಗೋಡೆ ಎಷ್ಟು ಗಟ್ಟಿ? ಗುಂಡಿಗೆ ಒಳ್ಳೆಯ ಮಣ್ಣು, ಗೊಬ್ಬರ ಹಾಕಿದರೆ ಎರಡು ವರ್ಷ ಗಿಡ ನಗುತ್ತದೆ. ಆಮೇಲೆ ಬೇರು ಗೋಡೆಗೆ ತಾಗಿ ಕುಂಡದಲ್ಲಿದ್ದ ಹಾಗೆ ಸುತ್ತಿಕೊಳ್ಳುತ್ತದೆ.

ಮತ್ತೆ ಸೀಳುವುದು

ಹೊಸ ಗಣಿಗಳಿಗೆ ಹೊಸ ವಿಧಾನವೇನೋ ಸರಿ. ಈಗಾಗಲೇ ಕಣವಾಗಿರುವ ಲಕ್ಷಾಂತರ ಹೆಕ್ಟೇರ್ ಏನು ಮಾಡುವುದು? ಠೇವಣಿ ವಾಪಸ್ ಹೋಗಿದೆ, ಕಂಪನಿಗೆ ಹೊಣೆ ಇಲ್ಲ. 2009ರಲ್ಲಿ ಶುರುವಾದ 'ಗ್ರೀನ್ ಫಾರೆಸ್ಟ್ಸ್ ವರ್ಕ್' ಎಂಬ ಸಂಸ್ಥೆ ದಾನದ ಹಣ, ಸರ್ಕಾರದ ನೆರವು ಕೂಡಿಸಿ ಇಂಥ ನೆಲ ಹಿಡಿದು ಕೆಲಸ ಮಾಡುತ್ತಿದೆ. ವೆಸ್ಟ್ ವರ್ಜೀನಿಯಾದ ಮೊನೊಂಗಹೀಲಾ ರಾಷ್ಟ್ರೀಯ ಅರಣ್ಯದ ಹಳೆಯ ಗಣಿ ನೆಲದಲ್ಲಿ ಕೆಂಪು ಸ್ಪ್ರೂಸ್ ಮರಗಳನ್ನು ಹೀಗೆ ವಾಪಸ್ ತರುತ್ತಿದ್ದಾರೆ. ರೋಗದಿಂದ 20ನೇ ಶತಮಾನದ ಮೊದಲರ್ಧದಲ್ಲಿ ಕೋಟಿಗಟ್ಟಲೆ ಸತ್ತ ಅಮೆರಿಕನ್ ಚೆಸ್ಟ್‌ನಟ್‌ನ ರೋಗ ತಡೆಯುವ ತಳಿಗಳನ್ನೂ ಸಡಿಲ ಗಣಿ ನೆಲದಲ್ಲಿ ನೆಟ್ಟು ನೋಡುತ್ತಿದ್ದಾರೆ. ಈ ಮರಕ್ಕೆ ಬೇರು ಕೊಳೆಸುವ, ಶಿಲೀಂಧ್ರದಂಥ ಇನ್ನೊಂದು ರೋಗಾಣುವಿನ ಕಾಟವೂ ಇದೆ. ನೀರು ಬಸಿಯುವ ನೆಲ ಅದಕ್ಕೆ ಆಗಿಬರುವುದಿಲ್ಲ, ಮರಕ್ಕೆ ಆಗಿಬರುತ್ತದೆ.

ಕೆಲಸದ ಮೊದಲ ಯಂತ್ರ ಅದೇ ಬುಲ್ಡೋಜರ್. ಈ ಸಲ ಹಿಂಬದಿಗೆ ಮೂರು–ನಾಲ್ಕು ಅಡಿ ಉದ್ದದ ಉಕ್ಕಿನ ಹಲ್ಲು ಕಟ್ಟಿ ಎಳೆಯುತ್ತಾರೆ. ದೊಡ್ಡ ನೇಗಿಲು ಅನ್ನಿ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಬಂಡೆಗಳು ಮೇಲೆದ್ದು ನೆಲ ನೋಡಲು ಅಸಹ್ಯವಾಗುತ್ತದೆ, ನಡೆದರೆ ಕಾಲು ಉಳುಕುತ್ತದೆ. ಒತ್ತಲು ಒಮ್ಮೆ ಡೀಸೆಲ್ ಸುಟ್ಟಿತ್ತು, ಬಿಡಿಸಲು ಇನ್ನೊಮ್ಮೆ. ಸಸಿಯನ್ನು ಎರಡು ಸೀಳು ಕೂಡುವ ಜಾಗದಲ್ಲಿ ನೆಡುತ್ತಾರೆ, ಬೇರಿಗೆ ನಾಲ್ಕು ಕಡೆ ದಾರಿ ಸಿಗಲಿ ಅಂತ. ಸೀಳು ಹೋಗದ ನಡುವಿನ ಚೌಕಗಳಲ್ಲಿ ನೆಲ ಇನ್ನೂ ಕಣವೇ.